ಮಂಗಳನ ದಾರಿ ಕಂಡ ಕೆಪ್ಲರ್

ರಾತ್ರಿಯ ಆಕಾಶದಲ್ಲಿ ಕೆಂಪಗೆ ಹೊಳೆಯುವ ಮಂಗಳ ಗ್ರಹವನ್ನು ನೀವು ನೋಡಿದ್ದೀರಾ? ಅದು ನಕ್ಷತ್ರದಂತೆ ಮಿನುಗುವುದಿಲ್ಲ. ಒಂದೇ ಸಮನೆ ಬೆಳಗುತ್ತದೆ. ಕೆಲವು ವಾರ ಬಿಡದೆ ನೋಡಿದರೆ ಅದು ನಕ್ಷತ್ರಗಳ ನಡುವೆ ಮೆಲ್ಲನೆ ಸರಿಯುವುದು ತಿಳಿಯುತ್ತದೆ. ಒಮ್ಮೊಮ್ಮೆ ಅದು ನಿಂತಂತೆ ಕಾಣುತ್ತದೆ. ಕೆಲವು ವಾರ ಹಿಂದಕ್ಕೆ ನಡೆದಂತೆಯೂ ಕಾಣುತ್ತದೆ. ಅನಂತರ ಮತ್ತೆ ಮುಂದಕ್ಕೆ ಸಾಗುತ್ತದೆ. ಹಿಂದಿನ ಕಾಲದ ಖಗೋಳ ಪಂಡಿತರಿಗೆ ಈ ನಡಿಗೆ ದೊಡ್ಡ ಒಗಟಾಗಿತ್ತು.

ಇದೇ ಮಂಗಳನ ಸುತ್ತ ನಮ್ಮ ದೇಶದ ಒಂದು ನೌಕೆ 2014ರಿಂದ ಸುಮಾರು ಎಂಟು ವರ್ಷ ಕೆಲಸ ಮಾಡಿತು. ಅದೇ ಮಂಗಳಯಾನ. ಅದು ಯಾವ ದಿನ, ಯಾವ ಗಳಿಗೆಯಲ್ಲಿ ಎಲ್ಲಿರುತ್ತದೆ ಎಂಬುದನ್ನು ಬೆಂಗಳೂರಿನ ವಿಜ್ಞಾನಿಗಳು ಮೊದಲೇ ಲೆಕ್ಕ ಹಾಕಿ ಇಡುತ್ತಿದ್ದರು. ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ, ಕಣ್ಣಿಗೆ ಕಾಣದೆ ಓಡುವ ನೌಕೆಯ ಜಾಗವನ್ನು ಮೊದಲೇ ಹೇಳುವುದು ಸಾಧ್ಯವೇ? ಸಾಧ್ಯ. ಅದಕ್ಕೆ ಬೇಕಾದ ನಿಯಮಗಳನ್ನು ನಾಲ್ಕು ನೂರು ವರ್ಷಗಳ ಹಿಂದೆಯೇ ಒಬ್ಬನು ಕಂಡುಹಿಡಿದಿದ್ದನು. ಅವನ ಹೆಸರು ಯೋಹಾನ್ನೆಸ್ ಕೆಪ್ಲರ್.

ಕೆಪ್ಲರನು 1571ರ ಡಿಸೆಂಬರ್ 27ರಂದು ಜರ್ಮನಿಯ ವೈಲ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ದಿನ ತುಂಬುವ ಮೊದಲೇ ಹುಟ್ಟಿದ ಬಡಕಲು ಮಗು ಅವನು. ತಂದೆ ಕೂಲಿಗಾಗಿ ಯುದ್ಧ ಮಾಡುವ ಸೈನಿಕ. ಎಲ್ಲಿ ಯುದ್ಧವೋ ಅಲ್ಲಿಗೆ ಹೊರಟುಬಿಡುತ್ತಿದ್ದನು. ಕೊನೆಗೊಮ್ಮೆ ಮನೆ ಬಿಟ್ಟು ಹೋದವನು ಮರಳಿ ಬರಲೇ ಇಲ್ಲ. ತಾಯಿ ಕ್ಯಾಥರೀನಾ ಗಿಡಮೂಲಿಕೆಗಳ ಗುಣ ಬಲ್ಲವಳು. ಕಾಯಿಲೆ ಬಿದ್ದವರಿಗೆ ಮದ್ದು ಅರೆದು ಕೊಡುತ್ತಿದ್ದಳು.

ಚಿಕ್ಕಂದಿನಲ್ಲಿಯೇ ಕೆಪ್ಲರನಿಗೆ ಸಿಡುಬು ಬಂದಿತು. ಜೀವ ಉಳಿಯಿತು. ಆದರೆ ಕಣ್ಣಿನ ದೃಷ್ಟಿ ಮಂದವಾಯಿತು. ಕೈಗಳಿಗೂ ಊನವಾಯಿತು. ಮುಂದೆ ಆಕಾಶವನ್ನೇ ಓದಬೇಕಾಗಿದ್ದ ಹುಡುಗನಿಗೆ ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ!

ಆದರೂ ಆಕಾಶದ ಮೇಲಿನ ಒಲವು ಅವನಿಗೆ ಎಳವೆಯಲ್ಲಿಯೇ ಹುಟ್ಟಿತು. 1577ರಲ್ಲಿ ಒಂದು ದೊಡ್ಡ ಧೂಮಕೇತು ಕಾಣಿಸಿಕೊಂಡಿತು. ಆಗ ಅವನಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ತಾಯಿ ಅವನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದಳು. ಮೂರು ವರ್ಷಗಳ ಅನಂತರ ಚಂದ್ರಗ್ರಹಣವಾಯಿತು. ಆಗಲೂ ಮನೆಯವರು ಅವನನ್ನು ಹೊರಗೆ ಕರೆದು ಚಂದ್ರನನ್ನು ತೋರಿಸಿದರು. ಅಂದು ಕಂಡ ಕೆಂಪು ಚಂದ್ರನನ್ನು ಅವನು ಜೀವನದುದ್ದಕ್ಕೂ ಮರೆಯಲಿಲ್ಲ.

ಮನೆಯಲ್ಲಿ ಬಡತನ. ಖಾನಾವಳಿಯ ಕೆಲಸ, ಹೊಲದ ಕೆಲಸ ಎಂದು ಶಾಲೆ ಆಗಾಗ ತಪ್ಪುತ್ತಿತ್ತು. ಮೂರು ವರ್ಷದ ಓದನ್ನು ಮುಗಿಸಲು ಅವನಿಗೆ ಐದು ವರ್ಷ ಬೇಕಾಯಿತು. ಆದರೆ ಬುದ್ಧಿ ಚುರುಕಾಗಿತ್ತು. ಜಾಣ ಹುಡುಗರಿಗಾಗಿ ಆ ನಾಡಿನ ಅರಸರು ವಿದ್ಯಾರ್ಥಿವೇತನ ಕೊಡುತ್ತಿದ್ದರು. ಅದರ ನೆರವಿನಿಂದ 1589ರಲ್ಲಿ ಅವನು ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದನು. ಧರ್ಮಗುರು ಆಗಬೇಕೆಂಬುದು ಅವನ ಬಯಕೆ. ಅಲ್ಲಿ ಮೆಸ್ಟ್ಲಿನ್ ಎಂಬ ಗುರುವಿನಿಂದ ಅವನು ಕೊಪರ್ನಿಕಸನ ವಿಚಾರವನ್ನು ಕಲಿತನು. ಭೂಮಿ ನಿಂತಿಲ್ಲ, ಅದೂ ಇತರ ಗ್ರಹಗಳೂ ಸೂರ್ಯನ ಸುತ್ತ ತಿರುಗುತ್ತವೆ ಎಂಬುದೇ ಆ ವಿಚಾರ. ಆ ಕಾಲದಲ್ಲಿ ಬಹಳ ಮಂದಿ ಇದನ್ನು ಒಪ್ಪುತ್ತಿರಲಿಲ್ಲ. ಕೆಪ್ಲರನ ಮನಸ್ಸು ಮಾತ್ರ ಅದನ್ನು ಒಪ್ಪಿಬಿಟ್ಟಿತು.

1594ರಲ್ಲಿ ಗ್ರಾಜ್ ಪಟ್ಟಣದ ಶಾಲೆಗೆ ಒಬ್ಬ ಗಣಿತದ ಶಿಕ್ಷಕ ಬೇಕಾಗಿದ್ದನು. ಕೆಪ್ಲರನು ಅಲ್ಲಿಗೆ ಹೋದನು. ಪಾಠ ಹೇಳುವುದರ ಜೊತೆಗೆ ವರ್ಷ ವರ್ಷವೂ ಪಂಚಾಂಗ ಬರೆದುಕೊಡುವುದೂ ಅವನ ಕೆಲಸವಾಗಿತ್ತು. ಆರು ವರ್ಷಗಳಲ್ಲಿ ಆ ಕೆಲಸವೂ ಹೋಯಿತು. ಧರ್ಮದ ಜಗಳದಲ್ಲಿ, ಅರಸನ ಪಂಥವನ್ನು ಒಪ್ಪದವರೆಲ್ಲ ಊರು ಬಿಡಬೇಕೆಂದು ಆಜ್ಞೆಯಾಯಿತು. ಕೆಪ್ಲರನು ತನ್ನ ನಂಬಿಕೆಯನ್ನು ಬಿಡಲಿಲ್ಲ, ಊರನ್ನು ಬಿಟ್ಟನು. 1600ರಲ್ಲಿ ಮನೆಯವರೊಡನೆ ಪ್ರಾಗ್ ನಗರಕ್ಕೆ ನಡೆದನು.

ಪ್ರಾಗ್‌ನಲ್ಲಿ ಆಗ ಟೈಕೋ ಬ್ರಾಹೆ ಎಂಬ ಖಗೋಳ ಪಂಡಿತನಿದ್ದನು. ಅವನು ಡೆನ್ಮಾರ್ಕಿನವನು. ಅವನ ಕಣ್ಣು ಬಲು ಚುರುಕು. ಆ ಕಾಲಕ್ಕೆ ದೂರದರ್ಶಕ ಬಂದಿರಲಿಲ್ಲ. ಟೈಕೋ ಮರ ಮತ್ತು ಹಿತ್ತಾಳೆಯ ದೊಡ್ಡ ದೊಡ್ಡ ಅಳತೆಯ ಉಪಕರಣಗಳನ್ನು ಮಾಡಿಸಿದ್ದನು. ಇಪ್ಪತ್ತಕ್ಕೂ ಹೆಚ್ಚು ವರ್ಷ ಗ್ರಹಗಳು ಎಲ್ಲೆಲ್ಲಿವೆ ಎಂದು ಬರಿಗಣ್ಣಿನಿಂದಲೇ ಅಳೆದು ಬರೆದಿಟ್ಟಿದ್ದನು. ಅಷ್ಟು ನಿಖರವಾದ ಲೆಕ್ಕ ಜಗತ್ತಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಟೈಕೋ ಬಳಿ ಅಳತೆಗಳಿದ್ದವು. ಕೆಪ್ಲರನ ಬಳಿ ಗಣಿತವಿತ್ತು. ಹೀಗೆ ಚುರುಕು ಕಣ್ಣಿನವನೂ ಮಂದ ದೃಷ್ಟಿಯವನೂ ಒಂದೆಡೆ ಸೇರಿದರು.

ಟೈಕೋ ಅವನಿಗೆ ಎಲ್ಲಕ್ಕಿಂತ ಕಠಿಣವಾದ ಕೆಲಸವನ್ನೇ ಕೊಟ್ಟನು. ಮಂಗಳನ ದಾರಿಯನ್ನು ಕಂಡುಹಿಡಿಯುವುದೇ ಆ ಕೆಲಸ. ಎಂಟು ದಿನಗಳಲ್ಲಿ ಮುಗಿಸಿಬಿಡುತ್ತೇನೆಂದು ಕೆಪ್ಲರನು ಪಂತ ಕಟ್ಟಿದ್ದನಂತೆ. ಎಂಟು ದಿನ ಹೋಗಲಿ, ಐದು ವರ್ಷವಾದರೂ ಅದು ಮುಗಿಯಲಿಲ್ಲ! ನಡುವೆ 1601ರಲ್ಲಿ ಟೈಕೋ ತೀರಿಕೊಂಡನು. ಚಕ್ರವರ್ತಿ ಎರಡನೆಯ ರುಡಾಲ್ಫನು ಟೈಕೋನ ಸ್ಥಾನವನ್ನು ಕೆಪ್ಲರನಿಗೆ ಕೊಟ್ಟನು. ಅಳತೆಯ ಪುಸ್ತಕಗಳೂ ಅವನ ಕೈಗೆ ಬಂದವು.

ಎರಡು ಸಾವಿರ ವರ್ಷಗಳಿಂದ ಪಂಡಿತರು ಒಂದು ಮಾತನ್ನು ನಂಬಿಕೊಂಡು ಬಂದಿದ್ದರು. ಆಕಾಶದಲ್ಲಿ ಎಲ್ಲವೂ ವೃತ್ತದಲ್ಲಿಯೇ ತಿರುಗುತ್ತದೆ ಎಂಬುದೇ ಆ ಮಾತು. ಗಾಣದ ಎತ್ತು ಸುತ್ತುತ್ತದಲ್ಲ, ಹಾಗೆ. ಕೆಪ್ಲರನೂ ಮೊದಲು ಹಾಗೆಯೇ ನಂಬಿದನು. ಮಂಗಳನಿಗೆ ಹೊಂದುವ ವೃತ್ತವನ್ನು ಹುಡುಕತೊಡಗಿದನು. ಲೆಕ್ಕ ತಪ್ಪಿದಾಗಲೆಲ್ಲ ಮೊದಲಿನಿಂದ ಮತ್ತೆ ಹಾಕಿದನು. ಹೀಗೆ ಎಪ್ಪತ್ತು ಸಲ! ಆಗ ಲೆಕ್ಕದ ಯಂತ್ರಗಳಿರಲಿಲ್ಲ. ಎಲ್ಲವನ್ನೂ ಕೈಯಿಂದಲೇ ಬರೆದು ಮಾಡಬೇಕಾಗಿತ್ತು. ಕೊನೆಗೆ ಒಂದು ವೃತ್ತ ಹೆಚ್ಚು ಕಡಿಮೆ ಸರಿಹೊಂದಿತು. ಆದರೆ ಒಂದೆರಡು ಕಡೆ ಮಂಗಳನು ಲೆಕ್ಕ ಹೇಳಿದ ಜಾಗದಲ್ಲಿ ಇರಲಿಲ್ಲ. ಎಂಟು ಕಲೆಗಳಷ್ಟು ಪಕ್ಕದಲ್ಲಿದ್ದನು.

ಎಂಟು ಕಲೆ ಎಂದರೆ ಎಷ್ಟು? ಆಕಾಶದಲ್ಲಿ ದೂರವನ್ನು ಅಂಶಗಳಲ್ಲಿ ಅಳೆಯುತ್ತಾರೆ. ಒಂದು ಅಂಶವನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಕಲೆ ಎಂದು ಹೆಸರು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 31 ಕಲೆ. ಎಂಟು ಕಲೆ ಎಂದರೆ ಅದರ ಕಾಲು ಭಾಗ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅಳತೆ ಮಾಡಿದವನದೇ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಕೆಪ್ಲರನು ಹಾಗೆ ಮಾಡಲಿಲ್ಲ. ಟೈಕೋ ಎಷ್ಟು ಎಚ್ಚರದಿಂದ ಅಳೆಯುತ್ತಿದ್ದನೆಂಬುದು ಅವನಿಗೆ ಗೊತ್ತಿತ್ತು. ತಪ್ಪು ಅಳತೆಯಲ್ಲಿಲ್ಲ, ತನ್ನ ವೃತ್ತದಲ್ಲಿಯೇ ಇದೆ ಎಂದು ಒಪ್ಪಿಕೊಂಡನು. ವರ್ಷಗಟ್ಟಲೆ ದುಡಿದು ಮಾಡಿದ ಲೆಕ್ಕವನ್ನು ಬದಿಗಿಟ್ಟು ಮತ್ತೆ ಹೊಸದಾಗಿ ತೊಡಗಿದನು.

1605ರಲ್ಲಿ ಉತ್ತರ ಸಿಕ್ಕಿತು. ಮಂಗಳನ ದಾರಿ ವೃತ್ತವಲ್ಲ, ದೀರ್ಘವೃತ್ತ. ಲೋಟದ ಬಾಯನ್ನು ಮೇಲಿನಿಂದ ನೇರವಾಗಿ ನೋಡಿದರೆ ದುಂಡಗೆ ಕಾಣುತ್ತದೆ. ಸ್ವಲ್ಪ ಓರೆಯಾಗಿ ನೋಡಿದರೆ ನೀಳವಾಗಿ ಕಾಣುತ್ತದೆ. ಆ ನೀಳವಾದ ಆಕಾರವೇ ದೀರ್ಘವೃತ್ತ. ಸೂರ್ಯನು ಅದರ ನಟ್ಟನಡುವೆ ಇಲ್ಲ. ಸ್ವಲ್ಪ ಪಕ್ಕದಲ್ಲಿ, ನಾಭಿ ಎಂಬ ಬಿಂದುವಿನಲ್ಲಿ ಇದ್ದಾನೆ. ಆದ್ದರಿಂದ ಮಂಗಳನು ಒಮ್ಮೆ ಸೂರ್ಯನಿಗೆ 20.7 ಕೋಟಿ ಕಿಲೋಮೀಟರ್ ಹತ್ತಿರ ಬರುತ್ತಾನೆ, ಇನ್ನೊಮ್ಮೆ 24.9 ಕೋಟಿ ಕಿಲೋಮೀಟರ್ ದೂರ ಹೋಗುತ್ತಾನೆ. ಇದು ಕೆಪ್ಲರನ ಮೊದಲನೆಯ ನಿಯಮ.

ಗ್ರಹವು ಸೂರ್ಯನ ಹತ್ತಿರ ಬಂದಾಗ ವೇಗವಾಗಿ ಓಡುತ್ತದೆ, ದೂರ ಹೋದಾಗ ನಿಧಾನವಾಗಿ ಸಾಗುತ್ತದೆ. ಸೂರ್ಯನಿಂದ ಗ್ರಹದವರೆಗೆ ಒಂದು ಹಗ್ಗ ಕಟ್ಟಿದೆ ಎಂದುಕೊಳ್ಳಿ. ಗ್ರಹ ಮುಂದೆ ಸಾಗಿದಂತೆ ಹಗ್ಗವು ಒಂದಿಷ್ಟು ಬಯಲನ್ನು ಗುಡಿಸಿಕೊಂಡು ಹೋಗುತ್ತದೆ. ಒಂದು ತಿಂಗಳಿಗೆ ಅದು ಗುಡಿಸುವ ಬಯಲು ಯಾವಾಗಲೂ ಒಂದೇ ಅಳತೆಯದು. ಹಗ್ಗ ಗಿಡ್ಡವಾದಾಗ ಅಷ್ಟೇ ಬಯಲನ್ನು ಗುಡಿಸಲು ಗ್ರಹವು ಹೆಚ್ಚು ಓಡಬೇಕು. ಇದು ಎರಡನೆಯ ನಿಯಮ. ಈ ಎರಡು ನಿಯಮಗಳನ್ನು ಹೇಳುವ ಅವನ ಪುಸ್ತಕ 1609ರಲ್ಲಿ ಅಚ್ಚಾಯಿತು. ಮೂರನೆಯ ನಿಯಮ 1619ರಲ್ಲಿ ಪ್ರಕಟವಾಯಿತು. ಗ್ರಹವು ಸೂರ್ಯನಿಂದ ಎಷ್ಟು ದೂರವಿದೆ ಎಂಬುದಕ್ಕೂ ಒಂದು ಸುತ್ತಿಗೆ ಎಷ್ಟು ದಿನ ಬೇಕು ಎಂಬುದಕ್ಕೂ ಇರುವ ಸಂಬಂಧವನ್ನು ಅದು ತಿಳಿಸುತ್ತದೆ. ಭೂಮಿ 365 ದಿನಗಳಲ್ಲಿ ಸೂರ್ಯನನ್ನು ಸುತ್ತಿದರೆ ಇನ್ನೂ ದೂರದ ಮಂಗಳನಿಗೆ 687 ದಿನ ಬೇಕು.

ಇಂತಹ ಕೆಲಸ ಮಾಡುತ್ತಿದ್ದವನ ಬದುಕು ಸುಖದ್ದಾಗಿರಲಿಲ್ಲ. ಚಕ್ರವರ್ತಿಯ ಖಜಾನೆಯಿಂದ ಸಂಬಳ ಸರಿಯಾಗಿ ಬರುತ್ತಿರಲಿಲ್ಲ. 1611ರಲ್ಲಿ ಅವನ ಆರು ವರ್ಷದ ಮಗ ಸಿಡುಬಿನಿಂದ ತೀರಿಕೊಂಡನು. ಅದೇ ವರ್ಷ ಹೆಂಡತಿಯೂ ತೀರಿಕೊಂಡಳು. ಕೆಪ್ಲರನು ಪ್ರಾಗ್ ಬಿಟ್ಟು ಲಿಂಜ್ ಎಂಬ ಪಟ್ಟಣಕ್ಕೆ ಹೋದನು.

ಅಲ್ಲಿದ್ದಾಗ ಇನ್ನೊಂದು ದೊಡ್ಡ ಕಷ್ಟ ಬಂದಿತು. ಊರಿನಲ್ಲಿದ್ದ ಅವನ ತಾಯಿ ಮಾಟಗಾತಿ ಎಂದು 1615ರಲ್ಲಿ ನೆರೆಯ ಹೆಂಗಸೊಬ್ಬಳು ದೂರಿದಳು. ಅವಳು ಕೊಟ್ಟ ಪಾನೀಯವನ್ನು ಕುಡಿದು ತನಗೆ ಕಾಯಿಲೆ ಬಂದಿತೆಂಬುದು ದೂರು. ಆ ಕಾಲದಲ್ಲಿ ಹೀಗೆ ದೂರಿಗೆ ಒಳಗಾದ ಅನೇಕ ಹೆಂಗಸರನ್ನು ಸುಟ್ಟು ಕೊಲ್ಲುತ್ತಿದ್ದರು. 1620ರಲ್ಲಿ ಎಪ್ಪತ್ತು ದಾಟಿದ ಆ ಮುದುಕಿಯನ್ನು ಸೆರೆಗೆ ಹಾಕಿ ಸರಪಳಿಯಿಂದ ಬಿಗಿದರು. ಕೆಪ್ಲರನು ತನ್ನ ಕೆಲಸವನ್ನೆಲ್ಲ ಬಿಟ್ಟು ಊರಿಗೆ ಧಾವಿಸಿದನು. ಗ್ರಹಗಳ ಲೆಕ್ಕವನ್ನು ಪರೀಕ್ಷಿಸಿದ ಹಾಗೆಯೇ ದೂರಿನ ಒಂದೊಂದು ಮಾತನ್ನೂ ಪರೀಕ್ಷಿಸಿದನು. ಮಾಟವೆಂದು ಹೇಳಿದ ಕಾಯಿಲೆಗಳಿಗೆ ಬೇರೆ ಕಾರಣಗಳಿದ್ದವು ಎಂದು ತೋರಿಸಿ ಉದ್ದವಾದ ಉತ್ತರವನ್ನು ಬರೆದುಕೊಟ್ಟನು. ಹದಿನಾಲ್ಕು ತಿಂಗಳ ಸೆರೆವಾಸದ ಅನಂತರ 1621ರಲ್ಲಿ ತಾಯಿ ಬಿಡುಗಡೆಯಾದಳು. ಆದರೆ ಸೆರೆಮನೆಯಲ್ಲಿ ಬಳಲಿದ್ದ ಅವಳು ಮರುವರ್ಷವೇ ಕಣ್ಣು ಮುಚ್ಚಿದಳು. ಮಗನಿಗೆ ಧೂಮಕೇತುವನ್ನು ತೋರಿಸಿದ ತಾಯಿ ಅವಳು.

ಯುದ್ಧದ ಬೆಂಕಿಯೂ ಅವನನ್ನು ಬಿಡಲಿಲ್ಲ. 1626ರಲ್ಲಿ ಲಿಂಜ್ ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಅವನ ಪುಸ್ತಕ ಅಚ್ಚಾಗುತ್ತಿದ್ದ ಮುದ್ರಣಾಲಯ ಸುಟ್ಟುಹೋಯಿತು. ಹಸ್ತಪ್ರತಿ ಉಳಿದಿತ್ತು. ಅವನು ಅದನ್ನು ಉಲ್ಮ್ ಎಂಬ ಊರಿಗೆ ಒಯ್ದು 1627ರಲ್ಲಿ ಅಚ್ಚು ಹಾಕಿಸಿದನು. ಯಾವ ದಿನ ಯಾವ ಗ್ರಹ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಲು ಬೇಕಾದ ಕೋಷ್ಟಕಗಳು ಅದರಲ್ಲಿದ್ದವು. ಹಿಂದಿನ ಯಾವ ಕೋಷ್ಟಕವೂ ಅಷ್ಟು ಸರಿಯಾಗಿರಲಿಲ್ಲ.

ಬರಬೇಕಾಗಿದ್ದ ಹಣವನ್ನು ಕೇಳಲೆಂದು ಕೆಪ್ಲರನು 1630ರಲ್ಲಿ ರೇಗೆನ್ಸ್‌ಬರ್ಗ್ ನಗರಕ್ಕೆ ಕುದುರೆ ಏರಿ ಹೊರಟನು. ಅಲ್ಲಿ ಜ್ವರ ಬಂದು ನವೆಂಬರ್ 15ರಂದು ತೀರಿಕೊಂಡನು. ಮುಂದೆ ಯುದ್ಧದಲ್ಲಿ ಆ ಸ್ಮಶಾನವೂ ಹಾಳಾಯಿತು. ಅವನ ಸಮಾಧಿ ಇಂದು ಉಳಿದಿಲ್ಲ. ಆದರೆ ಅವನ ಲೆಕ್ಕ ಉಳಿಯಿತು. 1631ರ ನವೆಂಬರ್ 7ರಂದು ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆಂದು ಅವನು ಮೊದಲೇ ತಿಳಿಸಿದ್ದನು. ಅದೇ ದಿನ ಪ್ಯಾರಿಸ್ಸಿನಲ್ಲಿ ಗಸೆಂಡಿ ಎಂಬ ವಿಜ್ಞಾನಿ ಅದನ್ನು ಕಂಡನು. ಹೇಳಿದವನು ನೋಡಲು ಬದುಕಿರಲಿಲ್ಲ.

ಗ್ರಹಗಳು ಹೀಗೆಯೇ ಏಕೆ ಸುತ್ತುತ್ತವೆ ಎಂಬುದನ್ನು 1687ರಲ್ಲಿ ನ್ಯೂಟನ್ನನು ವಿವರಿಸಿದನು. ಅದಕ್ಕೆ ಕಾರಣ ಗುರುತ್ವಾಕರ್ಷಣೆ. ಸೂರ್ಯನನ್ನು ಸುತ್ತುವ ಗ್ರಹಕ್ಕೂ, ಗ್ರಹವನ್ನು ಸುತ್ತುವ ಚಂದ್ರನಿಗೂ ನಿಯಮ ಒಂದೇ. ಮನುಷ್ಯನು ಮಾಡಿ ಕಳುಹಿಸಿದ ನೌಕೆಗೂ ಅದೇ ನಿಯಮ. ಈಗ ಮಂಗಳಯಾನದ ಕಡೆಗೆ ಬರೋಣ.

ಮಂಗಳಯಾನವು 2013ರ ನವೆಂಬರ್ 5ರಂದು ಆಂಧ್ರಪ್ರದೇಶದ ಶ್ರೀಹರಿಕೋಟಾದಿಂದ ಮೇಲೇರಿತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಅದರ ದಾರಿಯೂ ದೀರ್ಘವೃತ್ತವೇ. ಆದರೆ ಬಹಳ ನೀಳವಾದುದು. ಮೊದಲಿನ ಕಕ್ಷೆಯಲ್ಲಿ ಅದು ಒಮ್ಮೆ ಮಂಗಳನ ನೆಲದಿಂದ ಸುಮಾರು 422 ಕಿಲೋಮೀಟರ್ ಎತ್ತರಕ್ಕೆ ಇಳಿಯುತ್ತಿತ್ತು. ಇನ್ನೊಮ್ಮೆ ಸುಮಾರು 77,000 ಕಿಲೋಮೀಟರ್ ದೂರಕ್ಕೆ ಹೋಗುತ್ತಿತ್ತು. ಒಂದು ಸುತ್ತಿಗೆ ಸುಮಾರು 73 ಗಂಟೆ ಬೇಕಾಗುತ್ತಿತ್ತು. ಕೆಪ್ಲರನ ಎರಡನೆಯ ನಿಯಮವನ್ನು ಇಲ್ಲಿ ನೋಡಿರಿ. ಹತ್ತಿರ ಬಂದಾಗ ನೌಕೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು. ತೀರ ದೂರದಲ್ಲಿ ಸೆಕೆಂಡಿಗೆ ಸುಮಾರು 220 ಮೀಟರ್ ಮಾತ್ರ!

ನೌಕೆಯ ದಿನಚರಿ ಈ ದಾರಿಗೆ ತಕ್ಕಂತೆ ಇರುತ್ತಿತ್ತು. ಹತ್ತಿರ ಇರುವ ಕಾಲ ಬಹಳ ಕಡಿಮೆ. ಆಗ ಕ್ಯಾಮರಾ ಮಂಗಳನ ಬೆಟ್ಟ ಕಣಿವೆಗಳ ಚಿತ್ರವನ್ನು ಬಿಡಿಬಿಡಿಯಾಗಿ ತೆಗೆಯುತ್ತಿತ್ತು. ದೂರ ಹೋದಾಗ ಇಡೀ ಗ್ರಹ ಒಂದೇ ಚಿತ್ರದಲ್ಲಿ ಸಿಗುತ್ತಿತ್ತು. ಹೀಗಾಗಿ ದುಂಡನೆಯ ಕೆಂಪು ಮಂಗಳನ ಚಿತ್ರಗಳು ನಮಗೆ ದೊರೆತವು. ಗಾಳಿಯಲ್ಲಿ ಏನೇನಿದೆ, ನೆಲ ಎಷ್ಟು ಬಿಸಿಯಾಗಿದೆ ಎಂದು ನೋಡುವ ಉಪಕರಣಗಳೂ ಇದ್ದವು. ಸೇರಿಸಿಟ್ಟ ಮಾಹಿತಿಯನ್ನು ನೌಕೆ ತನ್ನ ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸಿ ಕಳುಹಿಸುತ್ತಿತ್ತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ದೊಡ್ಡ ಆಂಟೆನಾ ಅದನ್ನು ಹಿಡಿಯುತ್ತಿತ್ತು.

ಭೂಮಿಯಿಂದ ಹೊರಟ ರೇಡಿಯೋ ಸಂದೇಶ ಮಂಗಳನನ್ನು ಮುಟ್ಟಲು ಬಹಳ ಹೊತ್ತು ಬೇಕು. ನೌಕೆ ಮಂಗಳನನ್ನು ಸೇರಿದ ದಿನ ಅದಕ್ಕೆ ಹನ್ನೆರಡೂವರೆ ನಿಮಿಷ ಹಿಡಿದಿತ್ತು. ಆದ್ದರಿಂದ ನೌಕೆಯನ್ನು ಎತ್ತಿನ ಬಂಡಿಯಂತೆ ಕೂಡಲೇ ಎಡಕ್ಕೆ ಬಲಕ್ಕೆ ತಿರುಗಿಸಲು ಬರುವುದಿಲ್ಲ. ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬ ಪಟ್ಟಿಯನ್ನು ಮೊದಲೇ ಕಳುಹಿಸಬೇಕು. ನಿಮ್ಮ ಶಾಲೆಯ ವೇಳಾಪಟ್ಟಿ ಇದ್ದ ಹಾಗೆ. ನೌಕೆ ಆ ಪಟ್ಟಿಯಂತೆ ತಾನೇ ಕೆಲಸ ಮಾಡುತ್ತದೆ. ಅದು ಎಲ್ಲಿರುತ್ತದೆ ಎಂಬ ಲೆಕ್ಕ ತಪ್ಪಿದರೆ ಕ್ಯಾಮರಾ ಬರಿಯ ಕತ್ತಲೆಯ ಚಿತ್ರವನ್ನು ತೆಗೆದೀತು. ಅದಕ್ಕಾಗಿ ವಿಜ್ಞಾನಿಗಳು ರೇಡಿಯೋ ಅಲೆಗಳಿಂದ ನೌಕೆಯ ದೂರವನ್ನೂ ವೇಗವನ್ನೂ ಅಳೆಯುತ್ತಿದ್ದರು. ಲೆಕ್ಕಕ್ಕೂ ಅಳತೆಗೂ ಚಿಕ್ಕ ವ್ಯತ್ಯಾಸ ಕಂಡರೂ ಲೆಕ್ಕವನ್ನು ತಿದ್ದುತ್ತಿದ್ದರು. ಇದೇ ಅಲ್ಲವೇ ಕೆಪ್ಲರನು ಮಾಡಿದ್ದು?

2015ರ ಜೂನ್ ತಿಂಗಳಲ್ಲಿ ಭೂಮಿಗೂ ಮಂಗಳನಿಗೂ ನಡುವೆ ಸೂರ್ಯನು ಬಂದನು. ಸುಮಾರು ಎರಡು ವಾರ ಮಾತುಕತೆ ಇಲ್ಲ. ಆಗಲೂ ನೌಕೆ ತನ್ನನ್ನು ತಾನೇ ನೋಡಿಕೊಂಡಿತು. ಮಂಗಳನ ನೆರಳಿನಲ್ಲಿ ಬಿಸಿಲು ಸಿಗದು, ಬ್ಯಾಟರಿಯೇ ಆಧಾರ. ನೆರಳು ಬಹಳ ಹೊತ್ತು ಬೀಳುವ ದಿನಗಳನ್ನು ಮೊದಲೇ ಲೆಕ್ಕ ಹಾಕಿ 2017ರ ಜನವರಿಯಲ್ಲಿ ಕಕ್ಷೆಯನ್ನು ಸ್ವಲ್ಪ ಬದಲಿಸಿದರು. ಆರು ತಿಂಗಳು ಕೆಲಸ ಮಾಡಲೆಂದು ಮಾಡಿದ ನೌಕೆ ಹೀಗೆ 2022ರವರೆಗೆ ಬಾಳಿತು. ಆ ವರ್ಷದ ಏಪ್ರಿಲ್‌ನಲ್ಲಿ ದೀರ್ಘವಾದ ಗ್ರಹಣವೊಂದರ ಅನಂತರ ಅದರ ಸಂಪರ್ಕ ಕಡಿಯಿತು. ಅಕ್ಟೋಬರ್‌ನಲ್ಲಿ ಅದರ ಕೆಲಸ ಮುಗಿಯಿತೆಂದು ಇಸ್ರೋ ತಿಳಿಸಿತು.

ಕೆಪ್ಲರನ ಕಾಲದಲ್ಲಿ ಯಾರೂ ಆಕಾಶಕ್ಕೆ ಹಾರಿರಲಿಲ್ಲ. ಆದರೂ ಚಂದ್ರನಿಗೆ ಹೋಗುವ ಒಂದು ಕಥೆಯನ್ನು ಅವನು ಬರೆದಿದ್ದನು. ಅದು ಅವನು ತೀರಿಕೊಂಡ ಮೇಲೆ 1634ರಲ್ಲಿ ಅಚ್ಚಾಯಿತು. 2009ರಲ್ಲಿ ಹಾರಿಬಿಟ್ಟ ಒಂದು ದೂರದರ್ಶಕಕ್ಕೆ ಅವನ ಹೆಸರನ್ನೇ ಇಟ್ಟರು. ಅದು 2018ರವರೆಗೆ ಕೆಲಸ ಮಾಡಿ ಬೇರೆ ನಕ್ಷತ್ರಗಳ ಸುತ್ತ ತಿರುಗುವ 2,600ಕ್ಕೂ ಹೆಚ್ಚು ಗ್ರಹಗಳನ್ನು ಕಂಡುಹಿಡಿಯಿತು.

ಕಣ್ಣು ಮಂದವಾಗಿದ್ದವನು, ಮನೆ ಊರುಗಳನ್ನು ಕಳೆದುಕೊಂಡವನು ಕೆಪ್ಲರ್. ಎಂಟು ಕಲೆಗಳ ಚಿಕ್ಕ ತಪ್ಪನ್ನು ಅವನು ಮುಚ್ಚಿಡಲಿಲ್ಲ. ಅದನ್ನೇ ಹಿಡಿದು ನಡೆದು ಮಂಗಳನ ದಾರಿಯನ್ನು ಕಂಡನು. ಆ ದಾರಿಯ ಲೆಕ್ಕವೇ ಇಂದಿಗೂ ನೌಕೆಗಳಿಗೆ ದಾರಿ ತೋರಿಸುತ್ತಿದೆ.

ಪದಗಳ ಅರ್ಥ

ಖಗೋಳ – ಆಕಾಶದಲ್ಲಿರುವ ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳಿಗೆ ಸಂಬಂಧಿಸಿದ
ಊನ – ಕೊರತೆ, ಅಂಗದ ದೋಷ
ನಿಖರ – ಕರಾರುವಾಕ್ಕಾದ, ತಪ್ಪಿಲ್ಲದ
ಕಕ್ಷೆ – ಗ್ರಹ ಅಥವಾ ನೌಕೆ ಸುತ್ತುವ ದಾರಿ
ಕೋಷ್ಟಕ – ಸಾಲು ಸಾಲಾಗಿ ಅಂಕಿಗಳನ್ನು ಬರೆದ ಪಟ್ಟಿ
ಹಸ್ತಪ್ರತಿ – ಕೈಯಿಂದ ಬರೆದ ಪ್ರತಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಕೆಪ್ಲರನ ದೃಷ್ಟಿ ಮಂದವಾಗಲು ಕಾರಣವೇನು?
2. ಟೈಕೋ ಬ್ರಾಹೆ ಕೆಪ್ಲರನಿಗೆ ಯಾವ ಕೆಲಸವನ್ನು ಕೊಟ್ಟನು?
3. ಮಂಗಳಯಾನ ಕಳುಹಿಸಿದ ಮಾಹಿತಿಯನ್ನು ಹಿಡಿಯುತ್ತಿದ್ದ ದೊಡ್ಡ ಆಂಟೆನಾ ಎಲ್ಲಿದೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಎಂಟು ಕಲೆಗಳ ವ್ಯತ್ಯಾಸವನ್ನು ಕೆಪ್ಲರನು ಏಕೆ ಬಿಟ್ಟುಬಿಡಲಿಲ್ಲ?
2. ಕೆಪ್ಲರನು ತಾಯಿಯನ್ನು ಹೇಗೆ ಬಿಡಿಸಿದನು?
3. ನೌಕೆಗೆ ಕೆಲಸದ ಪಟ್ಟಿಯನ್ನು ಮೊದಲೇ ಏಕೆ ಕಳುಹಿಸಬೇಕು?

ಇ. ಮಾಡಿ ನೋಡಿರಿ.
ರಟ್ಟಿನ ಮೇಲೆ ಕಾಗದವನ್ನಿಟ್ಟು ಎರಡು ಗುಂಡುಸೂಜಿಗಳನ್ನು ಸ್ವಲ್ಪ ದೂರದಲ್ಲಿ ಚುಚ್ಚಿರಿ. ದಾರದ ಎರಡು ತುದಿಗಳನ್ನು ಗಂಟು ಹಾಕಿ ಅವುಗಳ ಸುತ್ತ ಸಡಿಲವಾಗಿ ಹಾಕಿರಿ. ಪೆನ್ಸಿಲಿನಿಂದ ದಾರವನ್ನು ಬಿಗಿಯಾಗಿ ಎಳೆದು ಸುತ್ತಲೂ ಗೆರೆ ಹಾಕಿರಿ. ಬಂದ ಆಕಾರವೇ ದೀರ್ಘವೃತ್ತ. ಸೂಜಿ ಇರುವ ಎರಡು ಜಾಗಗಳೇ ನಾಭಿಗಳು. ಸೂಜಿಗಳನ್ನು ಹತ್ತಿರ ತಂದರೆ ಆಕಾರ ಹೇಗೆ ಬದಲಾಗುತ್ತದೆ? ಗಮನಿಸಿ ಬರೆಯಿರಿ.